ನಿನ್ನೆ ಹನ್ನೊಂದು ಗಂಟೆಗೆ ಸರ್ವರ್ ಏನು ಮಾಡುತ್ತಿತ್ತು?

ಚಿತ್ರದುರ್ಗದಲ್ಲಿ, ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೂ ಕಲಿಯುವವರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ

ಸರ್ವರ್ ನೋಡಿಕೊಳ್ಳುವವರಿಗೆ ಬರುವ ದೂರುಗಳನ್ನು ಒಮ್ಮೆ ಗಮನಿಸಿ. "ಬೆಳಿಗ್ಗೆ ತುಂಬಾ ಸ್ಲೋ ಆಗಿತ್ತು." "ನಿನ್ನೆ ಸಂಜೆ ರಸೀದಿನೇ ಬರ್ತಿರಲಿಲ್ಲ." "ಹೋದ ಸೋಮವಾರ ಹೀಗೇ ಆಗಿತ್ತು, ಆಮೇಲೆ ತಾನೇ ಸರಿಹೋಯ್ತು." ಎಲ್ಲವೂ ಆಗಿಹೋದ ಸಂಗತಿ. ತೊಂದರೆ ಆಗುತ್ತಿರುವಾಗಲೇ ಫೋನ್ ಬರುವುದು ಅಪರೂಪ. ಕೌಂಟರಿನ ಮುಂದೆ ಜನ ನಿಂತಿರುವಾಗ ಗುಮಾಸ್ತರು ಮೊದಲು ತಮ್ಮ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಕೇಬಲ್ ಕಿತ್ತು ಹಾಕುತ್ತಾರೆ. ಪಕ್ಕದವರನ್ನು ಕೇಳುತ್ತಾರೆ. ಜನ ಕರಗಿದ ಮೇಲೆ ನಮಗೆ ಫೋನ್ ಬರುತ್ತದೆ.

ನಾವು ಏನು ಮಾಡುತ್ತೇವೆ? ಲಾಗಿನ್ ಆಗಿ, ಯಂತ್ರದಲ್ಲಿ ಈಗ ಏನು ಓಡುತ್ತಿದೆ ಎಂದು ತೋರಿಸುವ ಟಾಪ್ ಕಮಾಂಡ್ ಹೊಡೆಯುತ್ತೇವೆ. ಸಿಪಿಯು ಶೇಕಡ 95 ಖಾಲಿ ಇದೆ. ಮೆಮೊರಿ ಚೆನ್ನಾಗಿದೆ. "ಈಗ ಎಲ್ಲ ಸರಿ ಇದೆಯಲ್ಲ" ಅನ್ನುತ್ತೇವೆ. ಅವರು ಹೇಳಿದ್ದೂ ನಿಜ, ನಾವು ಹೇಳಿದ್ದೂ ನಿಜ. ಆದರೆ ತೊಂದರೆ ಹಾಗೇ ಉಳಿದಿದೆ. ನಾಳೆ ಮತ್ತೆ ಬರುತ್ತದೆ.

ಟಾಪ್ ಒಳ್ಳೆಯ ಸಾಧನ. ಮೊದಲ ಟಾಪ್ ಅನ್ನು ವಿಲಿಯಂ ಲೆಫೆಬ್ರ್ 1984ರಲ್ಲಿ ಬರೆದರು. ಅದರ ಚೆಂದದ ತಮ್ಮ ಎಚ್‌ಟಾಪ್ ಕೂಡ ನಿಮಗೆ ಗೊತ್ತು. ಎರಡೂ ಈ ಕ್ಷಣವನ್ನು ತೋರಿಸುತ್ತವೆ, ತೆರೆ ಬದಲಾದರೆ ಹಳೆಯದು ಹೋಯಿತು. ನಮಗೆ ಬರುವ ಪ್ರಶ್ನೆ ನಿನ್ನೆಯದು, ನಮ್ಮ ಕೈಯಲ್ಲಿರುವ ಸಾಧನ ಇವತ್ತಿನದು. ಇವತ್ತು ನಾನು ಹೇಳಬೇಕೆಂದಿರುವುದು ನಿನ್ನೆಯನ್ನು ತೋರಿಸುವ ಕಮಾಂಡ್ ಬಗ್ಗೆ. ಅದರ ಹೆಸರು ಸಾರ್. ಸಿಸ್ಟಮ್ ಆ್ಯಕ್ಟಿವಿಟಿ ರಿಪೋರ್ಟರ್ ಎನ್ನುವುದರ ಮೊದಲ ಅಕ್ಷರಗಳು.

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ. ವಾಣಿವಿಲಾಸ ಸಾಗರ ನಿಮಗೆಲ್ಲ ಗೊತ್ತು. ಅದರ ಮಾರಿಕಣಿವೆ ಅಣೆಕಟ್ಟು ಮುಗಿದದ್ದು 1907ರಲ್ಲಿ. ತುಂಬಿದಾಗ ನೀರಿನ ಮಟ್ಟ 130 ಅಡಿ. 2022ರಲ್ಲಿ ಅದು ಕೋಡಿ ಬಿದ್ದಾಗ ಊರೂರಿಂದ ಜನ ನೋಡಲು ಹೋದರು, ಅಲ್ವಾ? 1933ರ ನಂತರ ಇದೇ ಮೊದಲು ಅಂತ ಎಲ್ಲರೂ ಹೇಳಿದರು. ಎಂಬತ್ತೊಂಬತ್ತು ವರ್ಷದ ಮಾತು. ಅದನ್ನು ಅಷ್ಟು ಖಚಿತವಾಗಿ ಹೇಳಲು ಹೇಗೆ ಸಾಧ್ಯವಾಯಿತು? ನೀರಿಲ್ಲದ ವರ್ಷಗಳಲ್ಲೂ, ಯಾರೂ ನೋಡಲು ಹೋಗದ ದಿನಗಳಲ್ಲೂ ಮಟ್ಟವನ್ನು ಅಳೆದು ಬರೆದಿಟ್ಟವರು ಇದ್ದರು. ಸಾರ್ ನಿಮ್ಮ ಸರ್ವರ್‌ಗೆ ಮಾಡುವುದು ಇದೇ ಕೆಲಸ. ಏನೂ ಆಗದ ದಿನಗಳಲ್ಲೂ ಅದು ಬರೆದಿಡುತ್ತದೆ.

ಇದು ಹೊಸ ವಸ್ತುವಲ್ಲ. ಲಿನಕ್ಸ್‌ಗಿಂತ ಹಳೆಯದಾದ, ಎಟಿ ಅಂಡ್ ಟಿಯವರ ಯುನಿಕ್ಸ್ ಸಿಸ್ಟಮ್ ಫೈವ್ ಕಾಲದಿಂದ ಇದೆ. ಸೊಲಾರಿಸ್, ಎಐಎಕ್ಸ್, ಎಚ್‌ಪಿ-ಯುಎಕ್ಸ್, ಹೀಗೆ ಬೇರೆ ಬೇರೆ ಕಂಪನಿಗಳ ಯುನಿಕ್ಸ್‌ಗಳಲ್ಲೂ ಸಾರ್ ಇತ್ತು. ಲಿನಕ್ಸ್‌ನಲ್ಲಿ ನಾವು ಬಳಸುವುದು ಸಿಸ್‌ಸ್ಟ್ಯಾಟ್ ಎನ್ನುವ ಪ್ಯಾಕೇಜಿನ ಸಾರ್. ಅದನ್ನು ಬರೆದು, ಇಷ್ಟು ವರ್ಷ ಸಾಕಿಕೊಂಡು ಬಂದವರು ಫ್ರಾನ್ಸಿನ ಸೆಬಾಸ್ಟಿಯನ್ ಗೊಡಾರ್. ಅದೇ ಪ್ಯಾಕೇಜಿನಲ್ಲಿ ಐಒಸ್ಟ್ಯಾಟ್, ಎಂಪಿಸ್ಟ್ಯಾಟ್, ಪಿಡ್‌ಸ್ಟ್ಯಾಟ್ ಕೂಡ ಬರುತ್ತವೆ. ಎಲ್ಲವೂ ಮುಕ್ತ ತಂತ್ರಾಂಶ. ಒಂದು ರೂಪಾಯಿ ಖರ್ಚಿಲ್ಲ.

ಇದು ಒಳಗೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇದು ಅರ್ಥವಾದರೆ ಮುಂದಿನ ಎಲ್ಲ ಅಂಕಿಗಳೂ ಅರ್ಥವಾಗುತ್ತವೆ.

ಲಿನಕ್ಸ್‌ನ ತಿರುಳಾದ ಕರ್ನಲ್ ತಾನು ಮಾಡಿದ ಪ್ರತಿ ಕೆಲಸವನ್ನೂ ಎಣಿಸುತ್ತಿರುತ್ತದೆ. ಪ್ರಾಕ್ ಎನ್ನುವ ಡೈರೆಕ್ಟರಿಯಲ್ಲಿ ಸ್ಟ್ಯಾಟ್ ಅಂತ ಒಂದು ಫೈಲ್ ಇದೆ. ಕ್ಯಾಟ್ ಕಮಾಂಡಿನಿಂದ ತೆರೆದು ನೋಡಿ. ಮೊದಲ ಸಾಲಿನಲ್ಲಿ ಸಿಪಿಯು ಎಂದು ಬರೆದು, ಮುಂದೆ ಉದ್ದುದ್ದ ಸಂಖ್ಯೆಗಳು ಇರುತ್ತವೆ. ಯಂತ್ರ ಆನ್ ಆದಾಗಿನಿಂದ ಸಿಪಿಯು ಯಾವ ಯಾವ ಕೆಲಸದಲ್ಲಿ ಎಷ್ಟು ಹೊತ್ತು ಕಳೆಯಿತು ಎನ್ನುವ ಲೆಕ್ಕ ಅದು, ಸೆಕೆಂಡಿನ ನೂರನೇ ಒಂದು ಭಾಗದ ಅಳತೆಯಲ್ಲಿ. ಈ ಸಂಖ್ಯೆಗಳು ಏರುತ್ತಲೇ ಇರುತ್ತವೆ. ಆದ್ದರಿಂದ ಒಂದು ಸಲ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎರಡು ಸಲ ನೋಡಿ, ಕಳೆಯಬೇಕು.

ಬೋರ್ಡಿನ ಮೇಲೆ ಲೆಕ್ಕ ಹಾಕೋಣ. ನಿಮ್ಮ ಸರ್ವರ್‌ನಲ್ಲಿ 4 ಕೋರ್ ಇದೆ, ಅಂದರೆ ಒಟ್ಟಿಗೆ ಕೆಲಸ ಮಾಡಬಲ್ಲ ನಾಲ್ಕು ಸಿಪಿಯು ಇದ್ದ ಹಾಗೆ. ಹತ್ತು ಗಂಟೆಗೆ ಯೂಸರ್ ಎನ್ನುವ ಸಂಖ್ಯೆ 50,000 ಇತ್ತು. ಹತ್ತು ಗಂಟೆ ಹತ್ತು ನಿಮಿಷಕ್ಕೆ 62,000 ಆಗಿದೆ. ವ್ಯತ್ಯಾಸ 12,000. ಈ ಹತ್ತು ನಿಮಿಷದಲ್ಲಿ ಒಟ್ಟು ಎಷ್ಟು ಏರಲು ಸಾಧ್ಯವಿತ್ತು? 600 ಸೆಕೆಂಡು, ಸೆಕೆಂಡಿಗೆ 100, ಅದು 4 ಕೋರ್‌ಗೆ. ಒಟ್ಟು 2,40,000. ಅದರಲ್ಲಿ 12,000 ಅಂದರೆ ಶೇಕಡ 5. ಸಾರ್ ತೋರಿಸುವ ಶೇಕಡ 5 ಎಂಬ ಅಂಕಿ ಹುಟ್ಟುವುದು ಹೀಗೆ. ಇದರಲ್ಲಿ ಊಹೆ ಇಲ್ಲ, ಬರೀ ಕಳೆಯುವ ಲೆಕ್ಕ, ಭಾಗಿಸುವ ಲೆಕ್ಕ.

ಈ ಸಂಖ್ಯೆಗಳನ್ನು ಓದಿ ಫೈಲಿಗೆ ಬರೆಯುವ ಚಿಕ್ಕ ಪ್ರೋಗ್ರಾಮಿನ ಹೆಸರು ಎಸ್‌ಎಡಿಸಿ. ಹತ್ತು ನಿಮಿಷಕ್ಕೊಮ್ಮೆ ಅದು ಎದ್ದು, ಓದಿ, ಬರೆದು, ಮಲಗುತ್ತದೆ. ದಿನಕ್ಕೆ 144 ಸಲ. ಯಂತ್ರಕ್ಕೆ ಇದು ಹೊರೆಯೇ ಅಲ್ಲ. ಸಾರ್ ಕಮಾಂಡ್ ಆ ಫೈಲನ್ನು ತೆರೆದು, ಅಕ್ಕಪಕ್ಕದ ಎರಡು ದಾಖಲೆಗಳನ್ನು ಕಳೆದು ನಮಗೆ ತೋರಿಸುತ್ತದೆ. ಆದ್ದರಿಂದ ಒಂದು ವಿಷಯ ನೆನಪಿಡಿ. ಸಾರ್‌ನಲ್ಲಿ 10:10 ಎಂದು ಬರೆದಿರುವ ಸಾಲು 10:00ರಿಂದ 10:10ರವರೆಗಿನ ಸರಾಸರಿ. ಆ ಸಮಯ ಅವಧಿಯ ಕೊನೆ. ಇದು ಗೊತ್ತಿಲ್ಲದೆ ಹತ್ತು ನಿಮಿಷ ತಪ್ಪಾದ ಕಡೆ ಹುಡುಕುವವರನ್ನು ನೋಡಿದ್ದೇನೆ.

ಹಾಕಿಕೊಳ್ಳುವುದು ಸುಲಭ. ಉಬುಂಟು, ಡೆಬಿಯನ್ ಬಳಸುವವರು ಆಪ್ಟ್ ಮೂಲಕ, ರೆಡ್ ಹ್ಯಾಟ್ ಕಡೆಯವರು ಡಿಎನ್‌ಎಫ್ ಮೂಲಕ ಸಿಸ್‌ಸ್ಟ್ಯಾಟ್ ಹಾಕಿಕೊಳ್ಳಿ. ಆದರೆ ಡೆಬಿಯನ್ ಕುಟುಂಬದಲ್ಲಿ ಒಂದು ಎಚ್ಚರಿಕೆ ಬೇಕು. ಪ್ಯಾಕೇಜ್ ಹಾಕಿದ ಮಾತ್ರಕ್ಕೆ ದಾಖಲೆ ಶುರುವಾಗುತ್ತದೆ ಅಂದುಕೊಳ್ಳಬೇಡಿ. ಇಟಿಸಿ ಒಳಗೆ ಡಿಫಾಲ್ಟ್ ಎನ್ನುವ ಡೈರೆಕ್ಟರಿ ಇದೆ. ಅಲ್ಲಿ ಸಿಸ್‌ಸ್ಟ್ಯಾಟ್ ಹೆಸರಿನ ಫೈಲಿನಲ್ಲಿ ಎನೇಬಲ್ಡ್ ಎನ್ನುವ ಸಾಲಿನ ಮುಂದೆ ಫಾಲ್ಸ್ ಎಂದಿದ್ದರೆ ಅದನ್ನು ಟ್ರೂ ಮಾಡಿ, ಸಿಸ್‌ಸ್ಟ್ಯಾಟ್ ಸೇವೆಯನ್ನು ರೀಸ್ಟಾರ್ಟ್ ಮಾಡಬೇಕು. ಎಷ್ಟೋ ಕಡೆ ಪ್ಯಾಕೇಜ್ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ, ಒಂದು ಸಾಲೂ ಬರೆದಿರುವುದಿಲ್ಲ. ಬೇಕಾದ ದಿನ ತೆರೆದರೆ ಖಾಲಿ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಒಂದು ಪದ ಬದಲಾಯಿಸಿದ್ದರೆ ಸಾಕಿತ್ತು.

ಈಗ ಅಂಕಿಗಳ ಕಡೆ ಬರೋಣ. ಸಾರ್ ಎಂದು ಬರೆದು, ಒಂದು ಅಡ್ಡಗೆರೆ ಹಾಕಿ, ಸಣ್ಣ ಯು ಅಕ್ಷರ ಹೊಡೆದರೆ ಸಿಪಿಯು ವರದಿ ಬರುತ್ತದೆ. ಆರು ಕಾಲಂಗಳು. ಯೂಸರ್ ಅಂದರೆ ನಿಮ್ಮ ಪ್ರೋಗ್ರಾಮುಗಳು ತೆಗೆದುಕೊಂಡ ಹೊತ್ತು. ನೈಸ್ ಅಂದರೆ ಆದ್ಯತೆ ಬದಲಾಯಿಸಿ ಓಡಿಸಿದ ಕೆಲಸಗಳು, ಹೆಚ್ಚಾಗಿ ಸೊನ್ನೆಯೇ ಇರುತ್ತದೆ. ಸಿಸ್ಟಮ್ ಅಂದರೆ ಕರ್ನಲ್ ತೆಗೆದುಕೊಂಡ ಹೊತ್ತು. ಕೊನೆಯ ಐಡಲ್ ಅಂದರೆ ಕೆಲಸವಿಲ್ಲದೆ ಇದ್ದ ಹೊತ್ತು. ಉಳಿದ ಎರಡು, ಐಒವೇಟ್ ಮತ್ತು ಸ್ಟೀಲ್. ಜಾಸ್ತಿ ಗೊಂದಲ ಆಗುವುದು ಈ ಎರಡರಲ್ಲೇ.

ಐಒವೇಟ್ ಕೂಡ ಒಂದು ಬಗೆಯ ಬಿಡುವೇ. ಸಿಪಿಯುಗೆ ಮಾಡಲು ಕೆಲಸ ಇರಲಿಲ್ಲ, ಆದರೆ ಡಿಸ್ಕಿನಿಂದ ಏನೋ ಬರಬೇಕಿತ್ತು, ಅದಕ್ಕಾಗಿ ಯಾವುದೋ ಪ್ರೋಗ್ರಾಮ್ ಕಾಯುತ್ತಿತ್ತು. ಅಷ್ಟೇ. ಐಒವೇಟ್ ಶೇಕಡ 50 ಇದೆ, ಸಿಪಿಯು ದಣಿದಿದೆ, ದೊಡ್ಡ ಸಿಪಿಯು ಬೇಕು ಅಂತ ತೀರ್ಮಾನ ಮಾಡಿದರೆ ದುಡ್ಡು ದಂಡ. ಇದರ ಇನ್ನೊಂದು ಮುಖವೂ ಇದೆ. ಡಿಸ್ಕ್ ನಿಧಾನವಾಗಿಯೇ ಇದ್ದರೂ, ಸಿಪಿಯುಗೆ ಬೇರೆ ಭಾರಿ ಕೆಲಸ ಸಿಕ್ಕಿದರೆ ಐಒವೇಟ್ ಕೆಳಗಿಳಿಯುತ್ತದೆ. ಬಿಡುವೇ ಇಲ್ಲದಿದ್ದರೆ ಕಾಯುವ ಬಿಡುವು ಎಲ್ಲಿಂದ ಬರಬೇಕು? ಹಾಗಾಗಿ ಐಒವೇಟ್ ಕಡಿಮೆ ಇದೆ ಎಂದ ಕೂಡಲೇ ಡಿಸ್ಕ್ ಚೆನ್ನಾಗಿದೆ ಎಂದು ಬರೆದುಕೊಡಬೇಡಿ.

ಸ್ಟೀಲ್ ಕಾಲಂ ಬಾಡಿಗೆ ಸರ್ವರ್ ಇರುವವರಿಗೆ ಮುಖ್ಯ. ಒಂದೇ ದೊಡ್ಡ ಯಂತ್ರದಲ್ಲಿ ಹತ್ತಾರು ಗಿರಾಕಿಗಳ ವರ್ಚುವಲ್ ಸರ್ವರ್‌ಗಳು ಇರುತ್ತವೆ. ನಿಮ್ಮದಕ್ಕೆ ಸಿಪಿಯು ಬೇಕಾಗಿತ್ತು, ಆದರೆ ಆ ಹೊತ್ತಿನಲ್ಲಿ ಅದನ್ನು ಬೇರೆಯವರಿಗೆ ಕೊಡಲಾಗಿತ್ತು. ಆ ಹೊತ್ತು ಸ್ಟೀಲ್‌ನಲ್ಲಿ ಕಾಣುತ್ತದೆ. ಇದು ದಿನಾ ಹತ್ತು, ಹದಿನೈದು ಇದ್ದರೆ ನಿಮ್ಮ ಪ್ರೋಗ್ರಾಮನ್ನು ತಿದ್ದಿ ಉಪಯೋಗವಿಲ್ಲ. ಬಾಡಿಗೆ ಕೊಟ್ಟವರ ಜೊತೆ ಮಾತಾಡಬೇಕು. ಆಗ ನಿಮ್ಮ ಕೈಯಲ್ಲಿ ಸಾರ್ ವರದಿ ಇದ್ದರೆ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ಆಯ್ಕೆ ಕ್ಯೂ. ಲೋಡ್ ಆ್ಯವರೇಜ್ ತೋರಿಸುತ್ತದೆ. ಅಪ್‌ಟೈಮ್ ಕಮಾಂಡಿನಲ್ಲಿ ನೀವು ನೋಡುವ ಮೂರು ಅಂಕಿಗಳು, 1 ನಿಮಿಷ, 5 ನಿಮಿಷ, 15 ನಿಮಿಷದವು, ಇಲ್ಲಿ ಇಡೀ ದಿನಕ್ಕೆ ಸಿಗುತ್ತವೆ. ಲೋಡ್ ಎಂದರೆ ಸಿಪಿಯುಗಾಗಿ ಸರದಿಯಲ್ಲಿ ನಿಂತವರ ಸಂಖ್ಯೆ ಎಂದು ಬಹಳ ಜನ ತಿಳಿದಿದ್ದಾರೆ. ಬೇರೆ ಯುನಿಕ್ಸ್‌ಗಳಲ್ಲಿ ಹಾಗೆಯೇ. ಆದರೆ ಲಿನಕ್ಸ್‌ನಲ್ಲಿ 1993ರಲ್ಲಿ ಮಾಡಿದ ಒಂದು ಬದಲಾವಣೆಯಿಂದ, ಡಿಸ್ಕ್ ಮುಂತಾದವುಗಳಿಗಾಗಿ ಅಲುಗಾಡದೆ ಕಾಯುತ್ತಿರುವ ಪ್ರೋಗ್ರಾಮುಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಲೋಡ್ 14 ಇದೆ ಅಂದರೆ ಸಿಪಿಯುಗೆ ಭಾರ ಅಂತಲೇ ಅಲ್ಲ. ಅದೃಷ್ಟಕ್ಕೆ ಸಾರ್ ಎರಡನ್ನೂ ಬೇರೆ ಬೇರೆ ತೋರಿಸುತ್ತದೆ. ರನ್‌ಕ್ಯೂ ಎನ್ನುವ ಕಾಲಂ ಸಿಪಿಯು ಸರದಿ. ಬ್ಲಾಕ್ಡ್ ಎನ್ನುವ ಕಾಲಂ ಡಿಸ್ಕಿಗಾಗಿ ಸಿಕ್ಕಿಕೊಂಡವರು. ಎರಡನ್ನೂ ಒಟ್ಟಿಗೆ ಓದಬೇಕು.

ಬರೀ ಕಾಲಂ ಹೆಸರು ಹೇಳುತ್ತಾ ಹೋದರೆ ತಲೆಯಲ್ಲಿ ನಿಲ್ಲುವುದಿಲ್ಲ. ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ಹಳ್ಳಿಗಳಲ್ಲಿ ಶಾಖೆಗಳಿರುವ ಒಂದು ಪತ್ತಿನ ಸಹಕಾರ ಸಂಘ. ಅವರ ಲೆಕ್ಕದ ತಂತ್ರಾಂಶ ಬಾಡಿಗೆ ಸರ್ವರ್‌ನಲ್ಲಿತ್ತು. ಬೆಳಿಗ್ಗೆ ಹತ್ತಕ್ಕೆ ಶಾಖೆ ತೆರೆಯುತ್ತದೆ. ಒಂದು ಗಂಟೆ ಎಲ್ಲ ಚೆನ್ನಾಗಿ ನಡೆಯುತ್ತದೆ. ಹನ್ನೊಂದರ ಹೊತ್ತಿಗೆ ನಿಲ್ಲುತ್ತದೆ. ಪಾಸ್‌ಬುಕ್ ಎಂಟ್ರಿ ಒಂದಕ್ಕೆ ನಿಮಿಷಗಟ್ಟಲೆ. ಹನ್ನೊಂದೂವರೆ ಮೇಲೆ ಮತ್ತೆ ಸರಿ. ಹನ್ನೊಂದು ಗಂಟೆ ಅಂದರೆ ಬಸ್ ಹಿಡಿದು ಹಳ್ಳಿಯಿಂದ ಬಂದ ರೈತರು ಕೌಂಟರಿನಲ್ಲಿ ಇರುವ ಹೊತ್ತು. ದುಡ್ಡು ತೆಗೆದುಕೊಂಡು ಗೊಬ್ಬರದ ಅಂಗಡಿಗೆ ಹೋಗಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗಬೇಕಾದವರು.

ಎಲ್ಲರೂ ನೆಟ್‌ವರ್ಕ್ ಮೇಲೆ ಹೇಳಿದರು. ಶಾಖೆಯವರು ಇಂಟರ್‌ನೆಟ್ ಕಂಪನಿಯನ್ನು ಬೈದರು. ತಂತ್ರಾಂಶ ಕೊಟ್ಟವರು "ಹನ್ನೊಂದಕ್ಕೆ ಜನ ಜಾಸ್ತಿ, ದೊಡ್ಡ ಸರ್ವರ್ ತಗೊಳ್ಳಿ" ಅಂದರು. ನೋಡಿ, ಎರಡೂ ನಂಬಬಹುದಾದ ಮಾತೇ. ದಾಖಲೆ ಇಲ್ಲದ ಕಡೆ ಎಲ್ಲ ಮಾತೂ ನಂಬುವಂತೆಯೇ ಇರುತ್ತದೆ.

ಸಿಸ್‌ಸ್ಟ್ಯಾಟ್ ಅಲ್ಲಿ ಇತ್ತು, ಆನ್ ಆಗಿರಲಿಲ್ಲ. ಆನ್ ಮಾಡಿ ಒಂದು ದಿನ ಬಿಟ್ಟು ನೋಡಿದಾಗ ಹನ್ನೊಂದು ಗಂಟೆಯ ಸಾಲಿನಲ್ಲಿ ವಿಶೇಷ ಏನೂ ಇಲ್ಲ. ಸಿಪಿಯು ಬಹುಪಾಲು ಖಾಲಿ, ಡಿಸ್ಕ್ ಮೇಲೂ ಒತ್ತಡವಿಲ್ಲ. ಆದರೆ ಬೆಳಗಿನ ಜಾವ 5:30ರ ನಂತರದ ಸಾಲುಗಳಲ್ಲಿ ಭಾರಿ ಒತ್ತಡ ಕಾಣುತ್ತಿತ್ತು. ಆ ಹೊತ್ತಿಗೆ ಸಂಘದಲ್ಲಿ ಯಾರು ಇರುತ್ತಾರೆ? ಇನ್ನೂ ವಿಚಿತ್ರ, 4:30ಕ್ಕೆ ಸಿಪಿಯು ಕೆಲಸ ಶುರುವಾಗಿ 12 ಗಂಟೆಗೆ ಮುಗಿಯುತ್ತಿತ್ತು. ನಿಮಗೆ ಈಗಾಗಲೇ ಹೊಳೆದಿರಬೇಕು. ಸರ್ವರ್ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿನ 4:30 ಅಂದರೆ ಇಲ್ಲಿನ 10. ಅಲ್ಲಿನ 5:30 ಅಂದರೆ ಇಲ್ಲಿನ 11.

ಆ ಸಾಲುಗಳನ್ನು ಹತ್ತಿರದಿಂದ ನೋಡೋಣ. 5:30ರವರೆಗೆ ಯೂಸರ್ ಹೆಚ್ಚುಕಡಿಮೆ 12, ಸಿಸ್ಟಮ್ 3, ಐಒವೇಟ್ 2, ಐಡಲ್ 83. ಮುಂದಿನ ಸಾಲು, 5:40. ಯೂಸರ್ 6, ಸಿಸ್ಟಮ್ 4, ಐಒವೇಟ್ 58, ಐಡಲ್ 32. ಐಒವೇಟ್ ಏರಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಯೂಸರ್ ಕಾಲಂ ನೋಡಿ. 12 ಇದ್ದದ್ದು 6ಕ್ಕೆ ಇಳಿದಿದೆ. ಜನ ಜಾಸ್ತಿ ಬಂದದ್ದೇ ಕಾರಣವಾಗಿದ್ದರೆ ಅದು ಏರಬೇಕಿತ್ತು. ಇಳಿದಿದೆ ಅಂದರೆ ಗುಮಾಸ್ತರ ಕೆಲಸ ಮುಂದಕ್ಕೆ ಹೋಗುತ್ತಿಲ್ಲ. ದೊಡ್ಡ ಸರ್ವರ್ ಬೇಕು ಎನ್ನುವ ವಾದ ಈ ಒಂದು ಅಂಕಿಯಲ್ಲೇ ಬಿದ್ದುಹೋಯಿತು.

ಕ್ಯೂ ವರದಿಯಲ್ಲಿ ಲೋಡ್ 14ರ ಹತ್ತಿರ. ರನ್‌ಕ್ಯೂ 1. ಬ್ಲಾಕ್ಡ್ 12. ಅಂದರೆ ಸಿಪಿಯು ಬಾಗಿಲಲ್ಲಿ ಯಾರೂ ಇಲ್ಲ, ಡಿಸ್ಕಿನ ಬಾಗಿಲಲ್ಲಿ ಎಲ್ಲರೂ ಇದ್ದಾರೆ. ಡಿಸ್ಕ್ ವರದಿಗೆ ಸಣ್ಣ ಡಿ ಆಯ್ಕೆ. ಅಲ್ಲಿ ಅವೇಟ್ ಎನ್ನುವ ಕಾಲಂ, ಡಿಸ್ಕಿಗೆ ಕೇಳಿದ್ದು ಸಿಗಲು ಹಿಡಿಯುವ ಸಮಯ, ಬೇರೆ ಹೊತ್ತಿನಲ್ಲಿ 4 ಮಿಲಿಸೆಕೆಂಡ್ ಇದ್ದದ್ದು 200 ದಾಟಿತ್ತು. ಓದುವ ಪ್ರಮಾಣ ತುಂಬಾ, ಬರೆಯುವುದೂ ತುಂಬಾ. ನೆಟ್‌ವರ್ಕ್ ವರದಿಗೆ ಎನ್ ಆಯ್ಕೆಯ ಜೊತೆ ಡೆವ್ ಎಂದು ಬರೆಯಬೇಕು. ಅದರಲ್ಲಿ ವಿಶೇಷ ಏನೂ ಇಲ್ಲ. ಸುಮ್ನೆ ಬೈಸಿಕೊಂಡ ಇಂಟರ್‌ನೆಟ್ ಕಂಪನಿಯದು ಯಾವ ತಪ್ಪೂ ಇರಲಿಲ್ಲ.

ಗೊತ್ತಾದ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ಕ್ರಾನ್‌ನ ಪಟ್ಟಿ ತೆಗೆದು ನೋಡಿದರೆ ಬ್ಯಾಕಪ್ ಕೆಲಸವನ್ನು 5:30ಕ್ಕೆ ಹಾಕಿದ್ದರು. ಬೆಳಗಿನ ಜಾವ ಯಾರೂ ಇರುವುದಿಲ್ಲ ಎಂದು ಯೋಚನೆ ಮಾಡಿಯೇ ಹಾಕಿದ್ದು. ಸರ್ವರ್ ಗಡಿಯಾರ ಯಾವ ದೇಶದ್ದು ಅಂತ ನೋಡಿರಲಿಲ್ಲ. ಇಡೀ ಡೇಟಾಬೇಸನ್ನು ಅದೇ ಡಿಸ್ಕಿನಿಂದ ಓದಿ ಅದೇ ಡಿಸ್ಕಿಗೆ ಬರೆಯುತ್ತಿತ್ತು, ಸರಿಯಾಗಿ ನಮ್ಮ ಹನ್ನೊಂದು ಗಂಟೆಗೆ. ಅದನ್ನು 20:30ಕ್ಕೆ ಬದಲಾಯಿಸಲಾಯಿತು, ನಮ್ಮ ಲೆಕ್ಕದಲ್ಲಿ ರಾತ್ರಿ ಎರಡು ಗಂಟೆ. ಮರುದಿನ ಹನ್ನೊಂದಕ್ಕೆ ಪಾಸ್‌ಬುಕ್ ಸಲೀಸಾಗಿ ಓಡಿತು. ಖರ್ಚು ಸೊನ್ನೆ. ಗಡಿಯಾರವನ್ನೇ ಭಾರತದ ಸಮಯಕ್ಕೆ ತಿರುಗಿಸಬಹುದಿತ್ತಲ್ಲ ಅಂತ ಕೇಳಬಹುದು. ತಂತ್ರಾಂಶ ತನ್ನ ಎಂಟ್ರಿಗಳ ಸಮಯವನ್ನು ಯುಟಿಸಿಯಲ್ಲೇ ಬರೆದಿಡುತ್ತಿತ್ತು. ನಡೆಯುತ್ತಿರುವ ಲೆಕ್ಕದ ಪುಸ್ತಕದಲ್ಲಿ ಕೈಯಾಡಿಸುವುದು ಬೇಡ ಅನ್ನಿಸಿತು.

ಆದರೆ ಆಮೇಲೆ ಸಂಘದ ಕಾರ್ಯದರ್ಶಿ ಒಂದು ಪ್ರಶ್ನೆ ಕೇಳಿದರು. "ಇದು ಯಾವಾಗಿನಿಂದ ಹೀಗೆ?" ಅದಕ್ಕೆ ಉತ್ತರ ಇರಲಿಲ್ಲ. ದಾಖಲೆ ಶುರುವಾದದ್ದೇ ಆ ವಾರ. ಎಷ್ಟು ತಿಂಗಳು ಜನ ಕೌಂಟರಿನಲ್ಲಿ ನಿಂತರು, ಡೇಟಾ ಬೆಳೆದಂತೆ ಬ್ಯಾಕಪ್ ಉದ್ದವಾಗುತ್ತಾ ಬಂದಿತೇ, ಏನೂ ಹೇಳಲಾಗಲಿಲ್ಲ. ತೊಂದರೆ ಬಂದ ಮೇಲೆ ಸಾರ್ ಆನ್ ಮಾಡಿದರೆ ಮುಂದಿನ ತೊಂದರೆ ಕಾಣುತ್ತದೆ. ಹಿಂದಿನದು ಕಾಣುವುದಿಲ್ಲ. ನಾನು ಇದನ್ನು ಹೋದ ಕಡೆಯೆಲ್ಲ ಹೇಳುವುದು ಇದೇ ಕಾರಣಕ್ಕೆ. ಎಲ್ಲ ಚೆನ್ನಾಗಿರುವ ಇವತ್ತೇ ಆನ್ ಮಾಡಿ. ನಿಮ್ಮ ಸರ್ವರ್‌ನ ಮಾಮೂಲಿ ಸೋಮವಾರ ಹೇಗಿರುತ್ತದೆ ಅಂತ ಗೊತ್ತಿದ್ದರೆ ಮಾತ್ರ ಕೆಟ್ಟ ಸೋಮವಾರ ಎಷ್ಟು ಕೆಟ್ಟದ್ದು ಅಂತ ಹೇಳಬಹುದು. 83 ಐಡಲ್ ಇದ್ದದ್ದು ಗೊತ್ತಿದ್ದದ್ದರಿಂದ ತಾನೇ 32 ನೋಡಿದಾಗ ನಾವು ನಿಂತು ನೋಡಿದ್ದು?

ಮೆಮೊರಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕಾಲೇಜು ಲ್ಯಾಬ್‌ಗಳಲ್ಲಿ, ಕಚೇರಿಗಳಲ್ಲಿ "ರ‍್ಯಾಮ್ ಖಾಲಿಯೇ ಇಲ್ಲ, ಹೊಸದು ಕೊಡಿಸಿ" ಎನ್ನುವ ಅರ್ಜಿಗಳನ್ನು ಬಹಳ ನೋಡಿದ್ದೇನೆ. ಸಣ್ಣ ಆರ್ ಆಯ್ಕೆ ಕೊಟ್ಟರೆ ಬರುವ ವರದಿಯಲ್ಲಿ ಮೆಮ್‌ಫ್ರೀ ಎನ್ನುವ ಕಾಲಂ ತೀರಾ ಕಡಿಮೆ ಇರುತ್ತದೆ. ಅದು ರೋಗವಲ್ಲ. ಲಿನಕ್ಸ್ ಖಾಲಿ ಇರುವ ಮೆಮೊರಿಯನ್ನು ಸುಮ್ನೆ ಬಿಡುವುದಿಲ್ಲ. ಡಿಸ್ಕಿನಿಂದ ಓದಿದ್ದನ್ನು ಅಲ್ಲಿ ಇಟ್ಟುಕೊಂಡಿರುತ್ತದೆ. ಯಾವುದಾದರೂ ಪ್ರೋಗ್ರಾಮ್ ಕೇಳಿದರೆ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ಅವೇಲ್ ಎನ್ನುವ ಕಾಲಂ. ಆ ಅಂಕಿಯನ್ನು ಕರ್ನಲ್ ತಾನೇ ಲೆಕ್ಕ ಹಾಕಿ ಕೊಡುತ್ತದೆ, 2014ರ 3.14ನೇ ಆವೃತ್ತಿಯಿಂದ. ಅದರ ಜೊತೆ ದೊಡ್ಡ ಡಬ್ಲ್ಯೂ ಆಯ್ಕೆ ಕೊಟ್ಟು ಸ್ವಾಪ್, ಅಂದರೆ ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗದ ವರದಿ ನೋಡಿ. ಪ್ರತಿ ಸೆಕೆಂಡಿಗೆ ಸ್ವಾಪ್‌ನಿಂದ ಒಳಗೆ, ಹೊರಗೆ ಎಷ್ಟು ಪುಟ ಓಡಾಡಿದವು ಎಂದು ಎರಡೇ ಕಾಲಂ. ಅವೇಲ್ ಕಡಿಮೆ ಇದ್ದು, ಈ ಓಡಾಟ ಗಂಟೆಗಟ್ಟಲೆ ನಿಲ್ಲದೆ ಇದ್ದರೆ ಆಗ ರ‍್ಯಾಮ್ ಕೇಳಿ, ಧೈರ್ಯವಾಗಿ ಕೇಳಿ. ಎರಡೂ ಸರಿ ಇದ್ದರೆ ಆ ದುಡ್ಡನ್ನು ಮಕ್ಕಳಿಗೆ ಬೇರೆ ಏನಾದರೂ ಕೊಡಿಸಲು ಬಳಸಿ.

ಇಲ್ಲಿ ಒಬ್ಬರು ಕರೆಂಟ್ ವಿಷಯ ಕೇಳಿದರು. ಒಳ್ಳೆಯದಾಯಿತು, ನಮ್ಮ ಕಡೆ ಬೇಸಿಗೆಯಲ್ಲಿ ಇದು ದೊಡ್ಡ ಮಾತು. ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಮುಗಿದು, ಸರ್ವರ್ ಆರಿ, ಮತ್ತೆ ಕರೆಂಟ್ ಬಂದಾಗ ತಾನೇ ಆನ್ ಆಗಿರುತ್ತದೆ. ಬೆಳಿಗ್ಗೆ ಬಂದವರಿಗೆ ಏನೂ ಗೊತ್ತಾಗುವುದಿಲ್ಲ. ಸಾರ್ ವರದಿಯಲ್ಲಿ ಸಾಲುಗಳ ನಡುವೆ ಲಿನಕ್ಸ್ ರೀಸ್ಟಾರ್ಟ್ ಎಂದು ದೊಡ್ಡ ಅಕ್ಷರದಲ್ಲಿ ಒಂದು ಸಾಲು ಬಂದಿರುತ್ತದೆ. ಅದರ ಹಿಂದಿನ ದಾಖಲೆಯ ಸಮಯ ನೋಡಿ. 2:20ರ ನಂತರ ಸೀದಾ 4:05ಕ್ಕೆ ರೀಸ್ಟಾರ್ಟ್ ಸಾಲು ಇದ್ದರೆ, ಹೆಚ್ಚುಕಡಿಮೆ ಅಷ್ಟು ಹೊತ್ತು ಯಂತ್ರ ಸತ್ತಿತ್ತು ಎಂದರ್ಥ. ಸರಿಯಾಗಿ ಶಟ್‌ಡೌನ್ ಆಗಿ ಆರಿತೇ, ಒಮ್ಮೆಗೇ ಹೋಯಿತೇ ಎನ್ನುವುದನ್ನು ಸಾರ್ ಹೇಳುವುದಿಲ್ಲ. ಅದಕ್ಕೆ ಲಾಸ್ಟ್ ಕಮಾಂಡನ್ನು ಎಕ್ಸ್ ಆಯ್ಕೆಯ ಜೊತೆ ಬಳಸಿ. ಅಲ್ಲಿ ಶಟ್‌ಡೌನ್ ಎಂಟ್ರಿ ಇಲ್ಲದೆ ಬರೀ ರೀಬೂಟ್ ಇದ್ದರೆ ಕರೆಂಟ್ ಕಿತ್ತಂತೆ ಹೋಗಿದೆ ಎಂದೇ ತಿಳಿಯಿರಿ. ಅಂಥ ರಾತ್ರಿಯ ಮರುದಿನ ಡೇಟಾಬೇಸ್ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುವುದು ನಮ್ಮ ಕರ್ತವ್ಯ. ರೀಸ್ಟಾರ್ಟ್ ಸಾಲು ತಿಂಗಳಲ್ಲಿ ಎಷ್ಟು ಸಲ ಬಂತು ಎಂದು ತೋರಿಸಿದರೆ ಹೊಸ ಬ್ಯಾಟರಿಗೆ ಮಂಜೂರಾತಿಯೂ ಸುಲಭ.

ತಿಂಗಳ ಲೆಕ್ಕ ಎಂದೆ. ಡೆಬಿಯನ್ ಕಡೆ ಸಾಮಾನ್ಯವಾಗಿ 7 ದಿನದ ದಾಖಲೆ ಮಾತ್ರ ಉಳಿಯುತ್ತದೆ, ರೆಡ್ ಹ್ಯಾಟ್ ಕಡೆ 28 ದಿನ. ಸಿಸ್‌ಸ್ಟ್ಯಾಟ್ ಸೆಟ್ಟಿಂಗ್ ಫೈಲಿನಲ್ಲಿ ಹಿಸ್ಟರಿ ಎನ್ನುವ ಸಾಲಿದೆ, ಅದನ್ನು ಹೆಚ್ಚಿಸಿ. ಫೈಲ್‌ಗಳು ಚಿಕ್ಕವು, ಜಾಗದ ಚಿಂತೆ ಬೇಡ. ಅವು ಇರುವುದು ವಾರ್ ಒಳಗಿನ ಲಾಗ್ ಡೈರೆಕ್ಟರಿಯಲ್ಲಿ, ಉಬುಂಟುವಿನಲ್ಲಿ ಸಿಸ್‌ಸ್ಟ್ಯಾಟ್ ಎಂಬ ಫೋಲ್ಡರಿನಲ್ಲಿ, ರೆಡ್ ಹ್ಯಾಟ್‌ನಲ್ಲಿ ಎಸ್‌ಎ ಎಂಬ ಫೋಲ್ಡರಿನಲ್ಲಿ. ಎಕ್ಸೆಲ್‌ನಲ್ಲಿ ತೆರೆದು ಗ್ರಾಫ್ ಮಾಡಬೇಕಾದರೆ ಎಸ್‌ಎಡಿಎಫ್ ಎನ್ನುವ ಜೊತೆಗಾರ ಕಮಾಂಡ್ ಇದೆ. ಡಿ ಆಯ್ಕೆ ಕೊಟ್ಟರೆ ಅರ್ಧವಿರಾಮ ಹಾಕಿ ಬಿಡಿಸಿದ ಸಾಲುಗಳು, ಜೆ ಕೊಟ್ಟರೆ ಬೇರೆ ಪ್ರೋಗ್ರಾಮುಗಳು ಓದಬಲ್ಲ ಜೇಸನ್ ರೂಪ, ಜಿ ಕೊಟ್ಟರೆ ಚಿತ್ರವನ್ನೇ ಬಿಡಿಸಿಕೊಡುತ್ತದೆ. ಆಡಳಿತ ಮಂಡಳಿಯ ಮುಂದೆ ಚಿತ್ರ ಇಟ್ಟರೆ ಮಾತು ಬೇಗ ಮುಗಿಯುತ್ತದೆ.

ಸಾರ್‌ಗೆ ಮಿತಿಗಳಿವೆ, ಅದನ್ನೂ ಹೇಳಬೇಕು. ಹತ್ತು ನಿಮಿಷದ ಸರಾಸರಿ ಬಹಳ ಮುಚ್ಚಿಹಾಕುತ್ತದೆ. ಒಂದು ನಿಮಿಷ ಸಿಪಿಯು ಪೂರ್ತಿ 100 ಓಡಿ, ಉಳಿದ ಒಂಬತ್ತು ನಿಮಿಷ 5 ಇದ್ದರೆ ಸರಾಸರಿ ಬರುವುದು ಹದಿನಾಲ್ಕೂವರೆ. ಆ ಸಾಲು ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಆ ಒಂದು ನಿಮಿಷದಲ್ಲಿ ಫಲಿತಾಂಶ ನೋಡಲು ಬಂದ ಹುಡುಗನಿಗೆ ಪೇಜ್ ತೆರೆದಿರುವುದಿಲ್ಲ. ಅಂಥ ಕಡೆ ದಾಖಲೆಯನ್ನು ನಿಮಿಷಕ್ಕೊಮ್ಮೆ ಮಾಡಿಕೊಳ್ಳಿ. ಹೊಸ ಆವೃತ್ತಿಗಳಲ್ಲಿ ಇದನ್ನು ಲಿನಕ್ಸ್ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಟೈಮರ್ ನಡೆಸುತ್ತದೆ, ಹಳೆಯದರಲ್ಲಿ ಕ್ರಾನ್. ದಿನಕ್ಕೆ 144 ಇದ್ದದ್ದು 1,440 ದಾಖಲೆ ಆಗುತ್ತದೆ. ಆಗಲೂ ಹೊರೆ ಹೇಳಿಕೊಳ್ಳುವಷ್ಟಿಲ್ಲ. ನಾನು ಹೊಣೆ ಹೊತ್ತ ಕಡೆಯೆಲ್ಲ ನಿಮಿಷಕ್ಕೊಮ್ಮೆಯೇ ಇಡುತ್ತೇನೆ.

ಎರಡನೇ ಮಿತಿ, ಸಾರ್ ಯಾವ ಪ್ರೋಗ್ರಾಮ್ ಕಾರಣ ಎಂದು ಹೇಳುವುದಿಲ್ಲ. ಡಿಸ್ಕ್ ತುಂಬಿ ಓಡಿತು ಎನ್ನುತ್ತದೆ, ಬ್ಯಾಕಪ್ ಓಡಿಸಿತು ಎನ್ನುವುದಿಲ್ಲ. ಸಂಘದ ಸರ್ವರ್‌ನಲ್ಲಿ ಸಮಯ ಸಿಕ್ಕಿದ್ದರಿಂದ ಕ್ರಾನ್ ಪಟ್ಟಿಯಲ್ಲಿ ಹುಡುಕಲಾಯಿತು. ಎಲ್ಲ ಕಡೆ ಅಷ್ಟು ಸುಲಭ ಇರುವುದಿಲ್ಲ. ಪಿಡ್‌ಸ್ಟ್ಯಾಟ್ ಪ್ರತಿ ಪ್ರೋಗ್ರಾಮಿನ ಲೆಕ್ಕ ಕೊಡುತ್ತದೆ, ಆದರೆ ಓಡಿಸಿದಾಗ ಮಾತ್ರ. ಪ್ರೋಗ್ರಾಮುಗಳ ಹಳೆಯ ದಾಖಲೆಯೂ ಬೇಕೆಂದರೆ ಎಟಾಪ್ ಎನ್ನುವುದನ್ನು ಜೊತೆಗೆ ಹಾಕಿಕೊಳ್ಳಿ.

ಹಲವು ಸರ್ವರ್‌ಗಳ ಅಂಕಿಗಳನ್ನು ಒಂದೇ ಕಡೆ ಸೇರಿಸಿ ತೋರಿಸುವ ಗ್ರಫಾನಾ, ಪ್ರೊಮೀಥಿಯಸ್ ಇರುವಾಗ ಇದು ಯಾಕೆ ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಹತ್ತಾರು ಸರ್ವರ್ ಇರುವವರು ಖಂಡಿತ ಅವನ್ನು ಬಳಸಬೇಕು. ಆದರೆ ಇಲ್ಲಿರುವ ಬಹುತೇಕರ ಕೈಯಲ್ಲಿ ಒಂದೋ ಎರಡೋ ಯಂತ್ರ. ನೋಡಿಕೊಳ್ಳಲು ಇರುವವರೂ ಒಬ್ಬರೇ, ಅವರಿಗೆ ಬೇರೆ ಹತ್ತು ಕೆಲಸ. ಅಲ್ಲಿ ಇನ್ನೊಂದು ಸರ್ವರ್ ನಿಲ್ಲಿಸಿ ಅದನ್ನೂ ಸಾಕಲು ಆಗುವುದಿಲ್ಲ. ಸಾರ್ ತನ್ನ ದಾಖಲೆಯನ್ನು ಅದೇ ಯಂತ್ರದಲ್ಲಿ ಇಡುತ್ತದೆ. ನೆಟ್‌ವರ್ಕ್ ಹೋದ ಹೊತ್ತಿನಲ್ಲೂ ಬರೆಯುತ್ತಿರುತ್ತದೆ. ಎಲ್ಲ ಇದ್ದರೂ ಇದನ್ನು ತೆಗೆಯಬೇಡಿ ಎನ್ನುವುದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳು ಮನೆಯಲ್ಲಿ ಮಾಡಿ ನೋಡುವುದು ಹೇಗೆ? ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ದರೆ ಸಾಕು, ವರ್ಚುವಲ್ ಮೆಷಿನ್ ಆದರೂ ನಡೆಯುತ್ತದೆ. ಎರಡು ಟರ್ಮಿನಲ್ ತೆರೆಯಿರಿ. ಒಂದರಲ್ಲಿ ಸಾರ್ ಎಂದು ಬರೆದು, ಜಾಗ ಬಿಟ್ಟು 2, ಮತ್ತೆ ಜಾಗ ಬಿಟ್ಟು 30 ಎಂದು ಹೊಡೆಯಿರಿ. ಎರಡು ಸೆಕೆಂಡಿಗೊಂದರಂತೆ ಮೂವತ್ತು ಸಾಲು ಬರುತ್ತವೆ. ಇನ್ನೊಂದರಲ್ಲಿ ಏನೂ ಮಾಡದ, ಕೊನೆಯಿಲ್ಲದ ಒಂದು ವೈಲ್ ಲೂಪ್ ಓಡಿಸಿ. ನಿಮ್ಮದು 4 ಕೋರ್ ಆಗಿದ್ದರೆ ಯೂಸರ್ ಕಾಲಂ ಸೀದಾ 25ರ ಹತ್ತಿರ ಏರುತ್ತದೆ. ಎರಡು ಲೂಪ್ ಓಡಿಸಿದರೆ 50. ಆಮೇಲೆ ಲೂಪ್ ನಿಲ್ಲಿಸಿ, ಕ್ಯೂ ಆಯ್ಕೆ ಹಾಕಿ ನೋಡುತ್ತಾ ಇರಿ. ಸಿಪಿಯು ಒಮ್ಮೆಗೇ ಇಳಿದರೂ 1 ನಿಮಿಷದ ಲೋಡ್ ನಿಧಾನವಾಗಿ ಇಳಿಯುತ್ತದೆ, 15 ನಿಮಿಷದ್ದು ಇನ್ನೂ ನಿಧಾನ. ಸಿಸ್‌ಸ್ಟ್ಯಾಟ್ ಆನ್ ಮಾಡಿಟ್ಟು, ಮರುದಿನ ಸಾರ್ ಮುಂದೆ ಅಡ್ಡಗೆರೆ ಹಾಕಿ 1 ಎಂದು ಕೊಡಿ. ನಿನ್ನೆಯ ಫೈಲ್ ತಾನೇ ತೆರೆಯುತ್ತದೆ. ನೀವು ಲೂಪ್ ಓಡಿಸಿದ ಹೊತ್ತು ಯಾವುದು ಅಂತ ಆ ಸಾಲುಗಳಲ್ಲಿ ಹುಡುಕಿ. ಒಂದೇ ನಿಮಿಷ ಓಡಿಸಿದ್ದರೆ ಹತ್ತು ನಿಮಿಷದ ಸಾಲಿನಲ್ಲಿ ಅದು ಎಷ್ಟು ಚಿಕ್ಕದಾಗಿ ಕಾಣುತ್ತದೆ ಎನ್ನುವುದನ್ನು ನೋಡಿ, ಆಮೇಲೆ ಟೈಮರನ್ನು ನಿಮಿಷಕ್ಕೆ ಬದಲಾಯಿಸಿ ಇನ್ನೊಮ್ಮೆ ಮಾಡಿ.